ನಿಮ್ಮ ಸಿಲಿಂಡರ್ ಎಷ್ಟು ತಡೆಯುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದೊಡ್ಡ ಕ್ಯಾಲಿಬರ್ ರಿವಾಲ್ವರ್‌ಗೆ ತಾವೇ ತೋಟಾ ತುಂಬಿಕೊಳ್ಳುವವರದ್ದು, ಅಂದರೆ ಖಾಲಿ ಕೇಸ್‌ಗೆ (ತೋಟಾದ ಲೋಹದ ಕೋಶ) ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಹಾಕಿ ತೋಟಾ ತಯಾರಿಸಿಕೊಳ್ಳುವವರದ್ದು. ಸಿಲಿಂಡರ್ ಅಂದರೆ ರಿವಾಲ್ವರ್‌ನಲ್ಲಿ ತೋಟಾಗಳು ಕೂರುವ, ತಿರುಗುವ ಉರುಳೆ. ಲೈಸೆನ್ಸ್ ಇದೆ, ಕಾನೂನು ಒಪ್ಪುವ ಕಡೆಯೇ ಈ ಕೆಲಸ ನಡೆಯುತ್ತಿದೆ ಅಂತ ಇಟ್ಟುಕೊಂಡು ಉತ್ತರಿಸಿದ್ದೇನೆ. ಯಾವ ಮದ್ದು ಎಷ್ಟು ಗ್ರೇನ್ (ಮದ್ದು ತೂಗುವ ಅಳತೆ) ಅನ್ನುವುದನ್ನು ಇಲ್ಲಿ ಕೊಡುವುದಿಲ್ಲ. ಅದನ್ನು ಮದ್ದು ತಯಾರಿಸುವ ಕಂಪನಿಯ ಈಗಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಗೆಳೆಯರ ಬಾಯಿಂದ ಬೇಡ.

ಪ್ರಶ್ನೆ: ನನ್ನದು ಹಳೆಯ ಮಾದರಿಯ .45 ಕೋಲ್ಟ್ ಸಿಂಗಲ್ ಆಕ್ಷನ್ (ಪ್ರತಿ ಸಲ ಕುದುರೆಯನ್ನು ಕೈಯಿಂದ ಎಳೆದು ಹೊಡೆಯುವ ರಿವಾಲ್ವರ್). ಗೆಳೆಯ ತನ್ನ ರೂಗರ್ ಕಂಪನಿಯ ರಿವಾಲ್ವರ್‌ಗೆ ತುಂಬುವ ಜೋರಿನ ಲೋಡನ್ನೇ (ಮದ್ದು, ಗುಂಡಿನ ಪ್ರಮಾಣ) ನನಗೂ ಹೇಳಿಕೊಟ್ಟ. ಹೊಡೆದು ನೋಡಿದೆ, ಪ್ರೈಮರ್ ಚಪ್ಪಟೆ ಆಗಿಲ್ಲ, ಕೇಸ್ ಸಲೀಸಾಗಿ ಹೊರಗೆ ಬರುತ್ತಿದೆ. ಇನ್ನೂ ಸ್ವಲ್ಪ ಏರಿಸಬಹುದಾ?

ಏರಿಸುವ ಮಾತು ಹಾಗಿರಲಿ, ತುಂಬಿಟ್ಟಿರುವುದನ್ನೂ ಹೊಡೆಯಬೇಡಿ. ಎಲ್ಲವನ್ನೂ ಬುಲೆಟ್ ಪುಲ್ಲರ್‌ನಲ್ಲಿ (ತೋಟಾದಿಂದ ಗುಂಡು ಕಳಚುವ ಸಾಧನ) ಬಿಚ್ಚಿಬಿಡಿ. ರಿವಾಲ್ವರನ್ನು ಒಬ್ಬ ಒಳ್ಳೆಯ ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿ ಮಾಡುವವರು) ತೋರಿಸುವ ತನಕ ಮುಟ್ಟಬೇಡಿ.

.45 ಕೋಲ್ಟ್ 1873ರ ತೋಟಾ, ಕರಿಮದ್ದಿನ ಕಾಲದ್ದು. ಅಮೆರಿಕದಲ್ಲಿ ತೋಟಾಗಳ ಅಳತೆ, ಒತ್ತಡ ಗೊತ್ತುಮಾಡುವ ಸ್ಯಾಮಿ ಸಂಸ್ಥೆ ಇದಕ್ಕೆ ಇಟ್ಟಿರುವ ಗರಿಷ್ಠ ಒತ್ತಡ 14,000 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಅನ್ನುವ ಅಳತೆ). .44 ಮ್ಯಾಗ್ನಮ್ ಅನ್ನುವ ಜೋರಿನ ತೋಟಾಗೆ ಅದು 36,000. ಇನ್ನೂ ಜೋರಿನ .454 ಕ್ಯಾಸುಲ್‌ಗೆ 65,000. ಕೈಗೆ ಎತ್ತಿಕೊಂಡರೆ ಮೂರೂ ಒಂದೇ ತೂಕದ ತೋಟಾಗಳ ಹಾಗೆ ಕಾಣುತ್ತವೆ, ಅಲ್ವಾ? ಆದರೆ ಅವುಗಳ ಸುತ್ತ ಇರಬೇಕಾದ ಉಕ್ಕು ಒಂದೇ ಅಲ್ಲ.

ನಿಮ್ಮ ಗೆಳೆಯ ನೋಡಿರುವುದು ಕೈಪಿಡಿಗಳಲ್ಲಿ ಪ್ರತ್ಯೇಕವಾಗಿ ಕೊಡುವ ಪುಟ. ದೊಡ್ಡ ಚೌಕಟ್ಟಿನ ರೂಗರ್ ಬ್ಲ್ಯಾಕ್‌ಹಾಕ್‌ನಂಥ ಗಟ್ಟಿ ಗನ್‌ಗಳಿಗೆ ಮಾತ್ರ ಅಂತ ಅಲ್ಲಿ ಬರೆದೇ ಇರುತ್ತದೆ. ಆ ಲೋಡ್‌ಗಳ ಒತ್ತಡ ಮಾಮೂಲಿ ಮಿತಿಯ ಸುಮಾರು ಎರಡರಷ್ಟು. ರೂಗರ್ ಅಂತ ಹೆಸರಿದ್ದ ಮಾತ್ರಕ್ಕೂ ಅದು ಸಲ್ಲುವುದಿಲ್ಲ. 1993ರಲ್ಲಿ ಬಂದ ವಕೇರೋ ದೊಡ್ಡ ಚೌಕಟ್ಟಿನದು, 2005ರ ನ್ಯೂ ವಕೇರೋ ಚಿಕ್ಕದು, ಆ ಪುಟದ ಲೋಡ್ ಅದಕ್ಕೆ ಬೇಡವೇ ಬೇಡ. ಗೆಳೆಯನ ಗನ್ ಯಾವುದು ಅಂತ ಅವನನ್ನೂ ಒಮ್ಮೆ ಕೇಳಿ.

ಈಗ ಪ್ರೈಮರ್ ವಿಷಯ. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಪ್ರೈಮರ್ ಚಪ್ಪಟೆಯಾಗುವುದು, ಕೇಸ್ ಕಚ್ಚಿಕೊಳ್ಳುವುದು ಸಾಮಾನ್ಯವಾಗಿ ಮ್ಯಾಗ್ನಮ್ ಮಟ್ಟದ ಒತ್ತಡದಲ್ಲಿ. 14,000ಕ್ಕೆ ಮಾಡಿದ ಸಿಲಿಂಡರ್‌ನಲ್ಲಿ ಒತ್ತಡ ಎರಡರಷ್ಟಾದರೂ ಪ್ರೈಮರ್ ಅಂಚು ದುಂಡಗೇ ಇರಬಹುದು. ಅದು ಚಪ್ಪಟೆಯಾಗಲಿ ಅಂತ ಕಾಯುತ್ತಾ ಕೂತರೆ ನಿಮ್ಮ ಮಿತಿ ಯಾವಾಗಲೋ ದಾಟಿಹೋಗಿರುತ್ತದೆ. ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ಸಿಲಿಂಡರ್ ಹೊರಮೈಯಲ್ಲಿ ಲಾಕ್ ಬಂದು ಕೂರುವ ಪುಟ್ಟ ಕಚ್ಚುಗಳಿವೆ, ನೋಡಿ. ಆರು ಗುಂಡಿನ ಎಷ್ಟೋ ರಿವಾಲ್ವರ್‌ಗಳಲ್ಲಿ ಈ ಕಚ್ಚು ಚೇಂಬರ್‌ನ (ತೋಟಾ ಕೂರುವ ತೂತು) ನೆತ್ತಿಯ ಮೇಲೇ ಬರುತ್ತದೆ. ಇಡೀ ಗನ್‌ನಲ್ಲಿ ಉಕ್ಕು ತೀರಾ ತೆಳುವಾಗಿರುವ ಜಾಗ ಅದು. ಅತಿ ಒತ್ತಡದಲ್ಲಿ ಮೊದಲು ಉಬ್ಬುವುದೂ ಅಲ್ಲೇ. ಗುಂಡಿಲ್ಲ ಅಂತ ಖಾತ್ರಿ ಮಾಡಿಕೊಂಡು ಸಿಲಿಂಡರನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಕಚ್ಚಿನ ಕೆಳಗೆ ಚೇಂಬರ್ ಒಳಗೋಡೆ ನೋಡಿ. ಹೊಡೆದ ಕೇಸ್ ಮೈಮೇಲೆ ಒಂದೇ ಕಡೆ, ಕಚ್ಚಿಗೆ ಸರಿಯಾಗಿ ಸಣ್ಣ ಉಬ್ಬು ಕೈಗೆ ತಾಗಿದರೆ ಆ ಸಿಲಿಂಡರ್ ಕೆಲಸ ಮುಗಿದಿದೆ ಅಂತಲೇ ತಿಳಿಯಿರಿ. ಏನೂ ಕಾಣದಿದ್ದರೂ ಗನ್‌ಸ್ಮಿತ್ ಅಳೆದು ನೋಡಲಿ.

ಎಲ್ಮರ್ ಕೀತ್ ಅನ್ನುವ ಅಮೆರಿಕದ ಪ್ರಸಿದ್ಧ ಗುರಿಗಾರನ ಕತೆ ಇಲ್ಲಿ ಹೇಳಲೇಬೇಕು. 1925ರಲ್ಲಿ ಅವನು ಹಳೆಯ ಕೋಲ್ಟ್ .45ರಲ್ಲಿ ಭಾರದ ಗುಂಡಿಟ್ಟು ಜೋರಿನ ಲೋಡ್ ಹೊಡೆದಾಗ ಸಿಲಿಂಡರ್ ಒಡೆದುಹೋಯಿತು. ಆಮೇಲೆ ಅವನು .44 ಸ್ಪೆಷಲ್ ಅನ್ನುವ ಇನ್ನೊಂದು ತೋಟಾಗೆ ಬಂದ. ಕಾರಣ ಸರಳ. .45 ಕೋಲ್ಟ್ ಕೇಸ್ ದಪ್ಪ 0.480 ಇಂಚು, .44 ಸ್ಪೆಷಲ್‌ದು 0.457. ಅಷ್ಟೇ ಗಾತ್ರದ ಸಿಲಿಂಡರ್‌ನಲ್ಲಿ ತೂತು ಸಣ್ಣದಾದರೆ ಗೋಡೆ ದಪ್ಪ ಉಳಿಯುತ್ತದೆ. ಆ ದಾರಿಯಲ್ಲೇ ಮುಂದೆ 1955ರಲ್ಲಿ .44 ಮ್ಯಾಗ್ನಮ್ ಬಂತು, ಅದಕ್ಕೆಂದೇ ಗಟ್ಟಿ ಗನ್ನೂ ಬಂತು. ನಿಮಗೆ ಜೋರು ಬೇಕೇ ಬೇಕು ಅಂದರೆ ಜೋರಿಗೆ ಮಾಡಿದ ಗನ್ ಕೊಳ್ಳಿ. ಹಳೆಯ .45ಕ್ಕೆ ಅದರ ವಯಸ್ಸಿನ ಲೋಡೇ ಸಾಕು, ಭಾರದ ಗುಂಡು ನಿಧಾನವಾಗಿ ಹೋದರೂ ಅದರ ಏಟು ಕಡಿಮೆಯೇನಲ್ಲ.

ಪ್ರಶ್ನೆ: .44 ಮ್ಯಾಗ್ನಮ್ ಒದೆತ ತಡೆಯಲಾಗುತ್ತಿಲ್ಲ. ನಾನು ಬಳಸುವುದು ಎಚ್110 ಅನ್ನುವ ಮದ್ದು. ಅರ್ಧಕ್ಕೆ ಇಳಿಸಿದರೆ ಸಾಕಲ್ವಾ? ಕಡಿಮೆ ಮಾಡಿದರೆ ಅಪಾಯ ಇರುವುದಿಲ್ಲ ಅಂದುಕೊಂಡಿದ್ದೇನೆ.

ಈ ಮದ್ದಿನಲ್ಲಿ ಕಡಿಮೆ ಮಾಡುವುದೇ ಅಪಾಯ. ಸಾಮಾನ್ಯವಾಗಿ ಗರಿಷ್ಠಕ್ಕಿಂತ ಶೇಕಡ 10 ಇಳಿಸಿ ಶುರು ಮಾಡಿ ಅಂತ ಹೇಳುತ್ತೇವೆ. ಎಚ್110ಕ್ಕೆ ಆ ಮಾತು ನಡೆಯುವುದಿಲ್ಲ. ಕಂಪನಿಯೇ ಶೇಕಡ 3ಕ್ಕಿಂತ ಜಾಸ್ತಿ ಇಳಿಸಬೇಡಿ ಅನ್ನುತ್ತದೆ. ಇದು ನಿಧಾನವಾಗಿ ಉರಿಯುವ ಮದ್ದು, ಕೇಸ್ ತುಂಬಿಕೊಂಡಿದ್ದು ಒತ್ತಡ ಬಿದ್ದರೆ ಮಾತ್ರ ಸರಿಯಾಗಿ ಉರಿಯುತ್ತದೆ. ಅರ್ಧಕ್ಕಿಳಿಸಿದರೆ ಮದ್ದು ಅರೆಬರೆ ಉರಿದು ಗುಂಡು ನಳಿಗೆಯಲ್ಲೇ ನಿಂತುಬಿಡಬಹುದು. ಗೊತ್ತಾಗದೆ ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

ಮೆತ್ತನೆ ಲೋಡ್ ಬೇಕಾದರೆ ಮದ್ದು ಬದಲಿಸಿ, ಕೈಪಿಡಿ ಮೆತ್ತನೆ ಲೋಡ್‌ಗೆಂದೇ ಹೇಳುವ ಮದ್ದು ತನ್ನಿ. ಅಲ್ಲಿ ಬೇರೆ ಎಚ್ಚರ ಬೇಕು. ಬೇಗ ಉರಿಯುವ ಮದ್ದು ಚಿಟಿಕೆಯಷ್ಟಿದ್ದರೆ ಸಾಕು, ಅಷ್ಟು ದೊಡ್ಡ ಕೇಸ್‌ನಲ್ಲಿ ಅದು ತಳದಲ್ಲಿ ಎಲ್ಲೋ ಬಿದ್ದಿರುತ್ತದೆ. ಎರಡು ಸಲ ಬಿದ್ದರೂ ಕೇಸ್ ತುಂಬಿ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂರಿಸಿದರೆ ಮುಗಿಯಿತು, ಯಾರಿಗೂ ಕಾಣುವುದಿಲ್ಲ. ಸಿಲಿಂಡರ್ ಒಡೆದ ಸುದ್ದಿ ಕೇಳಿದಾಗ ನನಗೆ ಮೊದಲು ಬರುವ ಅನುಮಾನ ಇದೇ. ಸಾಧ್ಯವಾದರೆ ಕೇಸ್‌ನ ಅರ್ಧಕ್ಕಿಂತ ಜಾಸ್ತಿ ತುಂಬುವ ಮದ್ದನ್ನೇ ಆರಿಸಿ, ಎರಡನೇ ಸಲ ಬಿದ್ದರೆ ಚೆಲ್ಲಿ ಗೊತ್ತಾಗುತ್ತದೆ. ಯಾವ ಮದ್ದಾದರೂ ಸರಿ, ಕೇಸ್‌ಗಳನ್ನೆಲ್ಲ ಬ್ಲಾಕ್‌ನಲ್ಲಿ (ಕೇಸ್ ನಿಲ್ಲಿಸುವ ತೂತುಗಳಿರುವ ಹಲಗೆ) ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡಿ. ಮಾತಾಡುತ್ತಾ, ಫೋನ್ ನೋಡುತ್ತಾ ಮಾಡುವ ಕೆಲಸವಲ್ಲ ಇದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ.

ಪ್ರಶ್ನೆ: ಹಗುರ ಚೌಕಟ್ಟಿನ .44ರಲ್ಲಿ ಮೂರ್ನಾಲ್ಕು ಹೊಡೆದ ಮೇಲೆ ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಗನ್ ಹಾಳಾಗಿದೆಯಾ?

ಗನ್ ಸರಿಯಾಗೇ ಇರಬಹುದು. ಒದೆತಕ್ಕೆ ಗನ್ನು ಹಿಂದಕ್ಕೆ ಜಿಗಿಯುತ್ತದೆ, ಕೇಸೂ ಅದರ ಜೊತೆ ಹೋಗುತ್ತದೆ, ಭಾರದ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಕ್ರಿಂಪ್ (ಗುಂಡನ್ನು ಹಿಡಿದಿಡುವ ಕೇಸ್ ಬಾಯಿಯ ಮಡಿಕೆ) ಸಡಿಲವಾಗಿದ್ದರೆ ಗುಂಡು ಮೆಲ್ಲಗೆ ಮುಂದೆ ಸರಿದು, ಸಿಲಿಂಡರ್ ಮುಂದೆ ತಲೆ ಹಾಕಿ, ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಒಂದು ತೋಟಾದ ಉದ್ದ ಅಳೆದು ಗುರುತು ಹಾಕಿ. ಸಿಲಿಂಡರ್ ತುಂಬಿಸಿ ಉಳಿದ ಐದನ್ನು ಹೊಡೆಯಿರಿ, ಗುರುತಿನದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಹೆಚ್ಚಿದ್ದರೆ ಕ್ರಿಂಪ್ ಸರಿಯಾಗಬೇಕು, ಕೇಸ್ ಬಾಯಿ ಗುಂಡಿನ ಕ್ರಿಂಪ್ ಗೀರಿನಲ್ಲೇ ಮಡಚಿ ಕೂರಬೇಕು. ಉದ್ದ ಅಷ್ಟೇ ಇದ್ದರೆ ಗನ್‌ಸ್ಮಿತ್ ನೋಡಲಿ.

ಗುಂಡು ಸರಿಯದಿರಲಿ ಅಂತ ಅದನ್ನು ಇನ್ನೂ ಒಳಗೆ ತಳ್ಳಬೇಡಿ. ಮದ್ದಿಗಿರುವ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ, ಅದೂ ಅಂದಾಜಿಗೆ ಸಿಗದಷ್ಟು.

ಪ್ರಶ್ನೆ: ಕೈಪಿಡಿ ಹೇಳಿದ ಪ್ರೈಮರ್ ಸಿಗಲಿಲ್ಲ, ಬೇರೆ ಹಾಕಿದೆ. ಪರವಾಗಿಲ್ವಾ?

ಪ್ರೈಮರ್, ಗುಂಡು, ಕೇಸ್, ಮದ್ದು, ಯಾವುದು ಬದಲಾದರೂ ಶುರುವಿನ ಲೋಡ್‌ಗೆ ವಾಪಸ್ ಹೋಗಿ ಅಲ್ಲಿಂದ ಹತ್ತಿ. ಮಾಮೂಲಿ ಪ್ರೈಮರ್ ಜಾಗಕ್ಕೆ ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಒತ್ತಡ ಏರಬಹುದು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಬಳಸಿ. ಅದೇ ಉದ್ದದ ನಳಿಗೆಯಲ್ಲಿ ಕೈಪಿಡಿಯ ಗರಿಷ್ಠ ವೇಗ ಬಂದುಬಿಟ್ಟರೆ, ಮದ್ದು ಕಡಿಮೆ ಇದ್ದರೂ ಅಲ್ಲೇ ನಿಲ್ಲಿಸಿ. ವೇಗ ಸುಮ್ನೆ ಬರುವುದಿಲ್ಲ, ಒತ್ತಡದಿಂದಲೇ ಬರುತ್ತದೆ.

ಪ್ರಶ್ನೆ: ನನ್ನದು .454 ಕ್ಯಾಸುಲ್. .45 ಕೋಲ್ಟ್ ಕೇಸ್ ರಾಶಿ ಇದೆ. ಗನ್ ತಡೆಯುತ್ತದಲ್ಲ, ಅದರಲ್ಲೇ ಕ್ಯಾಸುಲ್ ಲೋಡ್ ತುಂಬಬಹುದಾ?

ಬೇಡ. ಕ್ಯಾಸುಲ್ ಕೇಸ್ 1.383 ಇಂಚು, ಕೋಲ್ಟ್ ಕೇಸ್ 1.285. ಉದ್ದ ಜಾಸ್ತಿ ಇರುವುದರಿಂದಲೇ ಕ್ಯಾಸುಲ್ ತೋಟಾ .45 ಕೋಲ್ಟ್ ಗನ್‌ನೊಳಗೆ ಕೂರುವುದಿಲ್ಲ. ಚಿಕ್ಕ ಕೇಸ್‌ನಲ್ಲಿ ಅದೇ ಮದ್ದು ತುಂಬಿದರೆ ಆ ತಡೆ ಹೋಯಿತು, ಜಾಗವೂ ಕಡಿಮೆಯಾಗಿ ಒತ್ತಡ ಇನ್ನೂ ಮೇಲೇರಿತು. ನೀವು ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಆ ಡಬ್ಬಿ ನಿಮ್ಮ ಮಗನ ಕೈಗೋ ಗೆಳೆಯನ ಕೈಗೋ ಹೋಗುತ್ತದೆ. ಕೇಸ್ ಬುಡದಲ್ಲಿ .45 ಕೋಲ್ಟ್ ಅಂತ ಬರೆದಿರುವುದನ್ನು ನಂಬಿ ಅವರು 14,000 ಪಿಎಸ್‌ಐ ಗನ್‌ಗೆ ಅದನ್ನು ಹಾಕುತ್ತಾರೆ. ಆ ಕೇಸ್‌ಗಳಲ್ಲಿ ಕೋಲ್ಟ್‌ನ ಮಾಮೂಲಿ ಲೋಡೇ ತುಂಬಿ, ನಿಮ್ಮ ಗನ್‌ನಲ್ಲೂ ಅದು ಚೆನ್ನಾಗೇ ನಡೆಯುತ್ತದೆ. ಪ್ರತಿ ಡಬ್ಬಿ ಮೇಲೂ ಮದ್ದು, ತೂಕ, ಗುಂಡು, ಪ್ರೈಮರ್, ತುಂಬಿದ ತಾರೀಖು ಬರೆದಿಡಿ.