ಹಳೆ 407 ಮೈಲೇಜ್: ಟ್ಯಾಂಕ್ ತುಂಬಿಸಿ ನೋಡಿ
ಅಣ್ಣಾರೆ, ಬ್ಯಾಡಗಿ ಮೆಣಸಿನಕಾಯಿ ಸಾಗಿಸೋಕೆ 2012ರ ಟಾಟಾ 407 ತಗೋಬಹುದಾ, ಲೀಟರಿಗೆ 10 ಕಿಲೋಮೀಟರ್ ಅಂತಾರೆ, ನಿಜಾನಾ ಅಂತ ಕೇಳಿದ್ದೀರಿ. ಬಾಯಿ ಲೆಕ್ಕ ನಂಬಬೇಡಿ. ಮೀಟರ್ ಸರಿ ಇದೆಯಾ ನೋಡಿ, ಟ್ಯಾಂಕ್ ಫುಲ್ ಮಾಡಿಸಿ, ಲೋಡ್ ಹಾಕಿ ಹುಬ್ಬಳ್ಳಿಯಿಂದ ಹಾವೇರಿಗೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಡೀಸೆಲ್‌ನಿಂದ ಭಾಗಿಸಿ. ಕಪ್ಪು ಹೊಗೆ ಜಾಸ್ತಿ ಇದ್ದರೆ ಏರ್ ಫಿಲ್ಟರ್, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಜಲ್, ಡೀಸೆಲ್ ಪಂಪ್ ಮೆಕ್ಯಾನಿಕ್‌ಗೆ ತೋರಿಸಿ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದ್ದರೂ ಡೀಸೆಲ್ ಕುಡಿಯುತ್ತೆ, ಇದನ್ನ ಸುಮಾರು ಜನ ನೋಡೋದೇ ಇಲ್ಲ. ಮೆಣಸಿನಕಾಯಿ ಹಗುರ, ಆದರೆ ಎತ್ತರಕ್ಕೆ ಕಟ್ಟಿದರೆ ಗಾಳಿ ಹಿಡಿಯುತ್ತೆ, ಹೈವೇಯಲ್ಲಿ 50-60ರಲ್ಲೇ ಓಡಿಸಿ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಆ ಖರ್ಚು ರೇಟಿನಲ್ಲಿ ಮುರಿದುಕೊಳ್ಳಿ. ಗಾಡಿ ಮೇಲೆ ಸಾಲ ಇದ್ದರೆ ಎನ್‌ಒಸಿ (ಸಾಲ ತೀರಿದೆ, ನಮ್ಮ ತಕರಾರಿಲ್ಲ ಅಂತ ಸಾಲ ಕೊಟ್ಟವರು ಕೊಡೋ ಪತ್ರ) ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ.