ಒದ್ದೆಯಾದ ಬಿಗಿ ವೆಟ್‌ಸೂಟನ್ನು ಸುಲಭವಾಗಿ ಹಾಕಿಕೊಳ್ಳುವುದು ಹೇಗೆ?

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಬಾಡಿಗೆಗೆ ಸಿಕ್ಕಿದ ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ ಬಿಗಿ ರಬ್ಬರ್ ಉಡುಪು) ಒದ್ದೆ ಇತ್ತು, ತೊಡೆಯ ಹತ್ತಿರ ಸಿಕ್ಕಿಕೊಂಡಿತು, ಇಪ್ಪತ್ತು ನಿಮಿಷ ಎಳೆದೆಳೆದು ನೀರಿಗೆ ಇಳಿಯುವ ಮೊದಲೇ ಸುಸ್ತಾಯಿತು ಎಂದು ಬರೆದಿದ್ದೀರಿ. ಮುಂದಿನ ತಿಂಗಳು ಮತ್ತೆ ಹೋಗುವುದಿದೆ ಅಂತಲೂ ಹೇಳಿದ್ದೀರಿ. ನಾನು ಮಲ್ಪೆಯವನು. ಮಳೆಗಾಲ ಬಿಟ್ಟರೆ ಹೆಚ್ಚಿನ ಭಾನುವಾರ ಕಡಲಲ್ಲೇ ಇರುತ್ತೇನೆ, 3 ಮಿಲಿಮೀಟರ್ ದಪ್ಪದ ಒಂದೇ ಸೂಟನ್ನು ಎಂಟು ವರ್ಷದಿಂದ ಹಾಕುತ್ತಿದ್ದೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಪೂರ್ತಿ ಒಣಗಿದ ಸೂಟ್ ಹಾಕುವುದು ಸುಲಭ. ಪೂರ್ತಿ ನೆನೆದು ನೀರು ಸುರಿಯುವ ಸೂಟನ್ನೂ ಹಾಕಬಹುದು. ನಿಜವಾಗಿ ಕಾಡುವುದು ಅರ್ಧಂಬರ್ಧ ಒದ್ದೆ ಇರುವ ಸೂಟ್. ಚರ್ಮ ಸ್ವಲ್ಪ ತೇವವಾದರೆ ಬಟ್ಟೆ ಅದಕ್ಕೆ ಅಂಟುತ್ತದೆ, ನೀರು ಜಾಸ್ತಿ ಇದ್ದರೆ ನಡುವೆ ಪದರ ಕಟ್ಟಿ ಜಾರುತ್ತದೆ. ಸರಿಯಾಗಿ ಒಣಗದ ಜೀನ್ಸ್ ಪ್ಯಾಂಟ್ ಕಾಲಿಗೇರಿಸಿದ್ದು ನೆನಪಿದೆಯಲ್ವಾ, ಅದೇ ಕಥೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಇದೆ. ಸೂಟ್ ಒಣಗಿದ್ದರೂ ಸೆಕೆಗೆ ಮೈಯೇ ಬೆವರಿರುತ್ತದೆ. ಹಾಗಾಗಿ ಬಿಸಿಲಲ್ಲಿ ನಿಂತು ಹಾಕಬೇಡಿ. ನೆರಳಿಗೆ ಹೋಗಿ, ಕಾಲು ಕೈ ಟವೆಲಿನಲ್ಲಿ ಒರೆಸಿಕೊಂಡು ಶುರು ಮಾಡಿ.

ಸೂಟ್ ಅರ್ಧ ಒದ್ದೆ ಇದ್ದರೆ ಒಣಗಿಸಲು ನೋಡಬೇಡಿ, ಅಷ್ಟು ಹೊತ್ತು ಇರುವುದಿಲ್ಲ. ಒಂದು ಬಕೆಟ್ ನೀರು ತೆಗೆದುಕೊಂಡು ಸೂಟನ್ನೂ ನಿಮ್ಮನ್ನೂ ಪೂರ್ತಿ ಒದ್ದೆ ಮಾಡಿ. ಕಾಲು ತೂರಿಸುವ ಮೊದಲು ಸೂಟಿನ ಕಾಲಿನೊಳಗೆ ಒಂದು ಚೊಂಬು ನೀರು ಹೊಯ್ದರೆ ಇನ್ನೂ ಒಳ್ಳೆಯದು. ದಡದಲ್ಲಿ ಅಲೆ ಇಲ್ಲದ ಜಾಗ ಇದ್ದರೆ ಸೊಂಟದಷ್ಟು ನೀರಲ್ಲಿ ನಿಂತೇ ಹಾಕಬಹುದು.

ಇನ್ನು ಕಾಲು. ಇಲ್ಲಿ ನಮ್ಮ ಊರಿನ ಹಳೇ ಉಪಾಯ ಪ್ಲಾಸ್ಟಿಕ್ ತೊಟ್ಟೆ, ಬೇರೆ ಊರಿನವರು ಕವರ್ ಅನ್ನುತ್ತಾರೆ. ನುಣುಪಾದ ತೆಳು ತೊಟ್ಟೆಯನ್ನು ಪಾದಕ್ಕೆ ಸಾಕ್ಸ್ ಹಾಗೆ ಹಾಕಿ, ಮತ್ತೆ ಸೂಟಿನೊಳಗೆ ಕಾಲು ತೂರಿಸಿ. ಹಿಮ್ಮಡಿ ಎಲ್ಲೂ ತಡೆಯದೆ ಸರ್ರೆಂದು ಹೊರಗೆ ಬರುತ್ತದೆ. ಅದೇ ತೊಟ್ಟೆಯನ್ನು ಕೈಗೂ ಬಳಸಿ. ಕೆಲಸ ಆದ ತಕ್ಷಣ ಅದನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ದೋಣಿಯ ಗಾಳಿಗೆ ಅದು ಹಾರುವುದಕ್ಕೆ ಒಂದು ಕ್ಷಣ ಸಾಕು. ಕಡಲಾಮೆಗಳು ಪ್ಲಾಸ್ಟಿಕ್ಕನ್ನು ಜೆಲ್ಲಿಫಿಶ್ ಎಂದುಕೊಂಡು ನುಂಗುತ್ತವೆ. ದಯವಿಟ್ಟು ಇದರಲ್ಲಿ ಜಾಗ್ರತೆ ಇರಲಿ.

ಹೆಚ್ಚಿನವರು ತಪ್ಪುವುದು ಕಾಲಿನಲ್ಲೇ. ಆದರೆ ಗೊತ್ತಾಗುವುದು ಹೆಗಲಿಗೆ ಬಂದ ಮೇಲೆ. ಹೋದ ಡಿಸೆಂಬರಿನಲ್ಲಿ ಅಕ್ಕನ ಮಗಳನ್ನು ಮುರ್ಡೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ತೋಳು ಹಾಕಿಯಾಗಿತ್ತು, ಹೆಗಲಿಗೆ ಮಾತ್ರ ಸೂಟ್ ಏರುತ್ತಿರಲಿಲ್ಲ. ‘ಮಾಮ, ಇದು ನನ್ನ ಸೈಜ್ ಅಲ್ಲ, ನಾನು ಬರುವುದಿಲ್ಲ’ ಎಂದು ಅಳುವ ಹಾಗಾದಳು. ನೋಡಿದರೆ ಮಂಡಿಯ ಹಿಂದೆ ದಪ್ಪ ದಪ್ಪ ನೆರಿಗೆ, ತೊಡೆಸಂದಿನಲ್ಲಿ ನಾಲ್ಕು ಬೆರಳಷ್ಟು ಖಾಲಿ ಜಾಗ. ತೋಳು ಬಿಚ್ಚಿಸಿ, ಕಣಕಾಲಿನಿಂದ ಮತ್ತೆ ಶುರು ಮಾಡಿಸಿದೆ. ಕಣಕಾಲಿನ ಅಂಚು ಸರಿಯಾದ ಜಾಗಕ್ಕೆ ಬಂತು, ಮೀನಖಂಡದ ನೆರಿಗೆ ಮಂಡಿಗೆ ಏರಿತು, ಮಂಡಿಯದು ತೊಡೆಗೆ. ತೊಡೆಸಂದು ಸರಿಯಾಗಿ ಕೂತ ಮೇಲೆ ಅದೇ ಸೂಟ್ ಹೆಗಲಿಗೆ ಸಲೀಸಾಗಿ ಬಂತು. ಆದ್ದರಿಂದ ಸೂಟನ್ನು ಮೊದಲು ಸೊಂಟದವರೆಗೆ ಒಳಮೈ ಹೊರಗೆ ಬರುವ ಹಾಗೆ ಮಡಚಿಕೊಳ್ಳಿ. ಸಮಯದ ಮುಕ್ಕಾಲು ಪಾಲು ಸೊಂಟದ ಕೆಳಗೇ ಖರ್ಚಾಗಲಿ. ತೋಳಿಗೂ ಇದೇ ಕ್ರಮ, ಮಣಿಕಟ್ಟಿನಿಂದ ಕಂಕುಳಿನ ಕಡೆಗೆ.

ಎಳೆಯುವಾಗ ಉಗುರು ತಾಗಬಾರದು. ಬೆರಳಿನ ಮೆತ್ತನೆಯ ಭಾಗದಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿದು ಮೇಲಕ್ಕೆ ತನ್ನಿ. ಅಂಚು ಹಿಡಿದು ಜೋರಾಗಿ ಜಗ್ಗಬೇಡಿ. ನನ್ನ ಸೂಟಿನ ಎಡ ತೊಡೆಯ ಮೇಲೆ ಅರ್ಧಚಂದ್ರದ ಆಕಾರದ ಒಂದು ಸೀಳು ಇದೆ, ಹೆಬ್ಬೆರಳ ಉಗುರಿನ ಅಳತೆಗೆ ಸರಿಯಾಗಿ. ಅವಸರದಲ್ಲಿ ನಾನೇ ಮಾಡಿದ್ದು. ಸೂಟ್ ಮಾಡುವ ನಿಯೋಪ್ರೀನ್ ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರ್, ಅದಕ್ಕೇ ಅಷ್ಟು ಮೃದು. ಆ ಸೀಳನ್ನು ನಿಯೋಪ್ರೀನಿಗೆಂದೇ ಬರುವ ಅಂಟು ಹಾಕಿ ಮುಚ್ಚಿದೆ, ಇವತ್ತಿಗೂ ಬಾಳುತ್ತಿದೆ. ಉಂಗುರ, ಬಳೆ, ಕಾಲುಂಗುರ ಮನೆಯಲ್ಲೇ ಬಿಟ್ಟು ಬನ್ನಿ.

ಜಾರಲಿ ಎಂದು ತೆಂಗಿನೆಣ್ಣೆ ಹಚ್ಚಿಕೊಂಡರೆ ಹೇಗೆ ಎಂದು ಕೇಳಿದ್ದೀರಿ. ಬೇಡ. ಒಳಗಿನ ಬಟ್ಟೆಗೆ ಹಿಡಿದ ಎಣ್ಣೆ ಎಷ್ಟು ತೊಳೆದರೂ ಬಿಡುವುದಿಲ್ಲ, ವಾಸನೆ ಬರುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ರಬ್ಬರಿಗೆ ಒಳ್ಳೆಯದಲ್ಲ. ಕೆಲವರು ಕೂದಲಿನ ಕಂಡಿಷನರನ್ನು ನೀರಿಗೆ ಬೆರೆಸಿ ಚಿಮುಕಿಸುತ್ತಾರೆ, ಅದು ಚೆನ್ನಾಗಿ ಜಾರುತ್ತದೆ ನಿಜ. ಆದರೆ ಅದೆಲ್ಲ ಕೊನೆಗೆ ಹೋಗುವುದು ನೇತ್ರಾಣಿಯ ಹವಳದ ನಡುವೆಯೇ ಅಲ್ವಾ? ನನಗೆ ಮನಸ್ಸು ಬರುವುದಿಲ್ಲ. ಅದರ ಬದಲು ಒಳಗೆ ತೆಳುವಾದ ಲೈಕ್ರಾ ಅಂಗಿ, ಲೈಕ್ರಾ ಪ್ಯಾಂಟ್ ಹಾಕಿ. ಬಾಡಿಗೆ ಸೂಟಿಗಂತೂ ಅದೇ ಒಳ್ಳೆಯದು, ಬೇರೆಯವರು ಹಾಕಿದ್ದು ನೇರ ಮೈಗೆ ತಾಗುವುದಿಲ್ಲ.

ಕಷ್ಟ ಆಗುತ್ತದೆಂದು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬೇಡಿ. ಸೂಟಿಗೂ ಮೈಗೂ ನಡುವೆ ಸೇರುವ ತೆಳು ನೀರನ್ನು ನಮ್ಮ ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಸಡಿಲ ಇದ್ದರೆ ಆ ನೀರು ನಿಲ್ಲುವುದಿಲ್ಲ, ಒಳಗೆ ಹೊರಗೆ ಓಡಾಡುತ್ತದೆ. ಬಿಗಿ ಇರಲಿ, ಆದರೆ ಉಸಿರನ್ನು ಪೂರ್ತಿ ಎಳೆಯಲು ಆಗಬೇಕು. ಕುತ್ತಿಗೆ ಒತ್ತಿ ತಲೆ ಸುತ್ತಿದಂತಾದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಅಲ್ಲಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಎಚ್ಚರ ತಪ್ಪಲೂಬಹುದು. ತಕ್ಷಣ ಜಿಪ್ ಇಳಿಸಿ, ಬೇರೆ ಸೂಟ್ ಕೇಳಿ.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಅಷ್ಟು ದೂರ ಬಿಸಿಲಲ್ಲಿ ಕುತ್ತಿಗೆವರೆಗೆ ಜಿಪ್ ಹಾಕಿ ಕೂತರೆ ಮೈ ಕಾದು ವಾಂತಿ ಬರುವ ಹಾಗಾಗುತ್ತದೆ. ಸೊಂಟದವರೆಗೆ ಹಾಕಿಕೊಂಡು, ತೋಳನ್ನು ಸೊಂಟಕ್ಕೆ ಕಟ್ಟಿ ಕೂತಿರಿ. ನೀರಿಗೆ ಇಳಿಯುವ ಹೊತ್ತಿಗೆ ತೋಳು ಹಾಕಿ, ಎರಡೂ ಹೆಗಲನ್ನು ಹಿಂದಕ್ಕೆ ತಂದು ನಿಲ್ಲಿ, ಬೆನ್ನಿನ ಜಿಪ್ಪನ್ನು ಪಕ್ಕದವರು ಎಳೆಯಲಿ. ಎರಡು ಡೈವ್ ನಡುವೆ ಪೂರ್ತಿ ಬಿಚ್ಚುವ ಅಗತ್ಯವೂ ಇಲ್ಲ, ಸೊಂಟಕ್ಕೆ ಇಳಿಸಿದರೆ ಸಾಕು.

ಮುಂದೆ ಸ್ವಂತ ಸೂಟ್ ತೆಗೆದುಕೊಂಡರೆ ಸಿಹಿನೀರಲ್ಲಿ ತೊಳೆದು, ಮೊದಲು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಮೈಗೆ ತಾಗುವ ಬದಿ ಮೊದಲು ಒಣಗಬೇಕು. ತೆಳು ಹ್ಯಾಂಗರಿಗೆ ಹಾಕಿದರೆ ಹೆಗಲು ಜಗ್ಗಿ ಹೋಗುತ್ತದೆ, ದಪ್ಪ ಬಿದಿರಿನ ಮೇಲೆ ಸೊಂಟದಲ್ಲಿ ಮಡಚಿ ಹಾಕಿ. ಈ ಸಲದ ಮಟ್ಟಿಗೆ, ಸೂಟ್ ಕೈಗೆ ಕೊಟ್ಟಾಗಲೇ ಅದರ ಕಾಲಿನೊಳಗೆ ಕೈ ಹಾಕಿ ನೋಡಿ. ತಣ್ಣಗೆ ಅಂಟಿದಂತೆ ಅನಿಸಿದರೆ ಅಲ್ಲೇ ಒಂದು ಬಕೆಟ್ ನೀರು ಕೇಳಿ.