ಓಮದ ಎಣ್ಣೆ, ಹರಳು ಮತ್ತು ಬೂಷ್ಟು

ಪ್ರಶ್ನೆ: ಚಳಿ ಶುರುವಾದ ಮೇಲೆ ಓಮದ ಎಣ್ಣೆಯ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕೂತಿದೆ. ಕಲಬೆರಕೆಯೇ? (ಗದಗ)

ಅಲ್ಲ. ಅದು ಥೈಮಾಲ್. ಓಮದ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 35ರಿಂದ 60ರಷ್ಟು ಇರುವುದು ಅದೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಪ್ಯಾರಾ-ಸೈಮೀನ್ ಮತ್ತು ಗಾಮಾ-ಟರ್ಪಿನೀನ್. ಶುದ್ಧ ಥೈಮಾಲ್ ಕರಗುವುದು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಥೈಮಾಲ್ ಹೆಚ್ಚಿರುವ ಎಣ್ಣೆ ಚಳಿಗೆ ಹರಳುಗಟ್ಟುತ್ತದೆ.

ಮುಚ್ಚಳ ತುಸು ಸಡಿಲಿಸಿ, ಬಾಟಲಿಯನ್ನು 50–55 ಡಿಗ್ರಿಯ ನೀರಿನಲ್ಲಿ ಹರಳು ಪೂರ್ತಿ ಕರಗುವವರೆಗೆ ಇಡಿ. ಆಮೇಲೆ ಮುಚ್ಚಿ, ಮೆಲ್ಲಗೆ ತಿರುಗಿಸಿ ಬೆರೆಸಿ ಬಳಸಿ. ಹರಳು ಬಿಟ್ಟು ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಂಡರೆ ಸತ್ವ ತಳದಲ್ಲೇ ಉಳಿಯುತ್ತದೆ, ಕೊನೆಯ ಹನಿಗಳು ಅತಿ ಖಾರವಾಗುತ್ತವೆ.

ನಿಜಕ್ಕೂ ಅನುಮಾನ ಪಡಬೇಕಾದದ್ದು ಥೈಮಾಲ್ ತೆಗೆದು ಮಾರುವ ಎಣ್ಣೆಯ ಮೇಲೆ. ಕಾಲೇಜಿನ ಲ್ಯಾಬ್ ಸಿಕ್ಕರೆ ಹೀಗೆ ನೋಡಿ: ಅಳತೆಗೆರೆ ಇರುವ, ಬಿರಡೆ ಹಾಕುವ ಸಿಲಿಂಡರಿನಲ್ಲಿ 5 ಮಿ.ಲೀ. ಎಣ್ಣೆಗೆ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣ 40 ಮಿ.ಲೀ. ಹಾಕಿ ಚೆನ್ನಾಗಿ ಕುಲುಕಿ, ಪದರ ತಿಳಿಯಾಗುವವರೆಗೆ ಬಿಡಿ. ಕೈಗವಸು, ಕನ್ನಡಕ ಇರಲಿ. ಥೈಮಾಲ್ ಸೋಡಾ ನೀರಿಗೆ ಇಳಿಯುತ್ತದೆ, ಉಳಿದ ಎಣ್ಣೆ ಮೇಲೆ ತೇಲುತ್ತದೆ. ತೇಲಿದ್ದು 2.5 ಮಿ.ಲೀ. ಇದ್ದರೆ ಸುಮಾರು ಅರ್ಧ ಥೈಮಾಲ್ ಎಂದರ್ಥ, 4.5 ಇದ್ದರೆ ಸತ್ವ ಬೇರೆ ಕಡೆ ಹೋಗಿದೆ. ಹೊರಗಿನಿಂದ ಬೆರೆಸಿದ ಕೃತಕ ಥೈಮಾಲ್ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನ ಮೇಲೆ ಓಮದ ಎಣ್ಣೆಯ ಡಿಸ್ಕ್ ಪರೀಕ್ಷೆ (ಎಣ್ಣೆ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಬೆಳವಣಿಗೆ ನಿಲ್ಲುವ ವಲಯ ಅಳೆಯುವುದು) ಮಾಡುತ್ತಿದ್ದೇನೆ. ಒಮ್ಮೆ ಸಣ್ಣ ವಲಯ, ಒಮ್ಮೆ ಇಡೀ ಪ್ಲೇಟ್ ಖಾಲಿ. ಎಣ್ಣೆ ಹಾಕದ ಕಂಟ್ರೋಲ್ ಪ್ಲೇಟಿನಲ್ಲೂ ಬೆಳವಣಿಗೆ ಕಡಿಮೆ. ಏಕೆ? (ಧಾರವಾಡ)

ಡಿಸ್ಕ್ ವಿಧಾನ ಈ ಎಣ್ಣೆಗೆ ಹೊಂದುವುದಿಲ್ಲ. ಥೈಮಾಲ್ ನೀರಿನಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಮಾತ್ರ ಕರಗುತ್ತದೆ, ಪ್ಲೇಟಿನಲ್ಲಿ ಗಟ್ಟಿಯಾಗಿರುವ ಅಗರ್ ಲೋಳೆಯಲ್ಲಿ ಸರಿಯಾಗಿ ಹರಡುವುದಿಲ್ಲ. ಆವಿಯಾಗಿ ಮುಚ್ಚಳದೊಳಗೆ ತುಂಬಿಕೊಳ್ಳುವುದು ಮಾತ್ರ ಸಲೀಸು. ಖಾಲಿ ಪ್ಲೇಟ್ ಆ ಆವಿಯ ಕೆಲಸ. ಕಂಟ್ರೋಲ್ ಪ್ಲೇಟನ್ನು ಅದೇ ಡಬ್ಬಿಯಲ್ಲಿ ಇಟ್ಟಿದ್ದರೆ ಅದಕ್ಕೂ ಆವಿ ತಗಲಿರುತ್ತದೆ.

ಎಣ್ಣೆಯನ್ನು ಶಿಲೀಂಧ್ರ ಬೆಳೆಸುವ ಮಾಧ್ಯಮಕ್ಕೇ ಬೆರೆಸಿ. ಕುದಿಸಿದ ಪಿಡಿಎ (ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗರ್) 45–50 ಡಿಗ್ರಿಗೆ ಇಳಿದಾಗ, 100 ಮಿ.ಲೀ.ಗೆ 10, 20, 40, 80 ಮೈಕ್ರೊಲೀಟರ್ ಎಣ್ಣೆ ಹಾಕಿ. ಎಲ್ಲದರಲ್ಲೂ ಎಣ್ಣೆ-ನೀರನ್ನು ಬೆರೆಸುವ ಟ್ವೀನ್-80 ಶೇ. 0.5 ಇರಲಿ. ಮಾಧ್ಯಮ ಇದಕ್ಕಿಂತ ಬಿಸಿಯಿದ್ದರೆ ಎಣ್ಣೆ ಹಾರಿಹೋಗುತ್ತದೆ, ತಣ್ಣಗಿದ್ದರೆ ಅಗರ್ ಗಂಟುಗಟ್ಟಿ ಎಣ್ಣೆ ಒಂದೇ ಕಡೆ ನಿಲ್ಲುತ್ತದೆ. ಟ್ವೀನ್ ಮಾತ್ರ ಇರುವ ಕಂಟ್ರೋಲ್ ಒಂದು, ಏನೂ ಹಾಕದ್ದು ಇನ್ನೊಂದು ಬೇಕೇ ಬೇಕು. ನಡುವೆ 5 ಮಿ.ಮೀ. ಶಿಲೀಂಧ್ರದ ತುಂಡನ್ನು ಬೋರಲಿಟ್ಟು, ಅಂಚಿಗೆ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಪಟ್ಟಿ) ಸುತ್ತಿ, ಪ್ರತಿ ಪ್ರಮಾಣದ ಪ್ಲೇಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ 28 ಡಿಗ್ರಿಯಲ್ಲಿಡಿ. ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದು, ಸರಾಸರಿಯಿಂದ ಆ 5 ಮಿ.ಮೀ. ಕಳೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಬೆಳೆಯದೆ ಉಳಿದ ತುಂಡನ್ನು ಎಣ್ಣೆಯಿಲ್ಲದ ಹೊಸ ಮಾಧ್ಯಮಕ್ಕೆ ಹಾಕಿ ನೋಡದೆ ‘ಶಿಲೀಂಧ್ರ ಸತ್ತಿತು’ ಎಂದು ಬರೆಯಬೇಡಿ. ಎಷ್ಟೋ ಸಲ ಅದು ಬೆಳವಣಿಗೆ ನಿಲ್ಲಿಸಿರುತ್ತದೆ, ಅಷ್ಟೆ.

ಪ್ರಶ್ನೆ: ಬೂಷ್ಟು ಹಿಡಿದ ಶೇಂಗಾಕ್ಕೆ ಈ ಎಣ್ಣೆ ಸವರಿದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೋಗುತ್ತದೆಯೇ? (ಚಳ್ಳಕೆರೆ)

ಹೋಗುವುದಿಲ್ಲ. ಎಣ್ಣೆ ಶಿಲೀಂಧ್ರವನ್ನು ತಡೆದೀತು. ಕಾಳಿಗೆ ಇಳಿದ ವಿಷವನ್ನಲ್ಲ. ಹುರಿದರೂ ಪೂರ್ತಿ ಹೋಗದ ವಿಷ ಅದು. ಅಂಥ ಕಾಳನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ. ಮುಂದಿನ ಬೆಳೆಯಲ್ಲಿ ಕಾಯಿಯ ತೇವ ಶೇ. 8ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ ಚೀಲ ತುಂಬಿ.

ಪ್ರಶ್ನೆ: ಗಜಕರ್ಣಕ್ಕೆ ಓಮದ ಎಣ್ಣೆಯನ್ನು ನೇರವಾಗಿ ಹಚ್ಚಬಹುದೇ? (ದಾವಣಗೆರೆ)

ಬೇಡ. ಥೈಮಾಲ್ ಒಂದು ಫೀನಾಲ್, ಹಸಿ ಚರ್ಮವನ್ನು ಸುಡುತ್ತದೆ. ಸೈಮೀನಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು. ಅದರಿಂದಾದ ಹೈಡ್ರಾಕ್ಸಿಲ್ ಗುಂಪಿನ ಬಲದಿಂದಲೇ ಥೈಮಾಲ್ ಶಿಲೀಂಧ್ರದ ಕೋಶಪೊರೆಗೆ ನುಗ್ಗಿ ಸೋರುವಂತೆ ಮಾಡುತ್ತದೆ. ಸೈಮೀನ್ ಒಂದನ್ನೇ ಹಾಕಿದರೆ ಪರಿಣಾಮ ತೀರಾ ಕಡಿಮೆ. ಆದರೆ ಆ ಬಲಕ್ಕೆ ಶಿಲೀಂಧ್ರದ ಪೊರೆ ಯಾವುದು, ನಿಮ್ಮ ಚರ್ಮದ್ದು ಯಾವುದು ಎಂಬ ಭೇದವಿಲ್ಲ.

10 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಹನಿ, ಅಂದರೆ ಸುಮಾರು ಶೇ. 1 ಬೆರೆಸಿದರೆ ಉರಿ ಕಡಿಮೆಯಾಗುತ್ತದೆ. ಜೊತೆಗೆ ಗುಣವೂ ಕಡಿಮೆಯಾಗುತ್ತದೆ: ಥೈಮಾಲಿಗೆ ಎಣ್ಣೆಯೇ ಪ್ರಿಯ, ಅದನ್ನು ಬಿಟ್ಟು ಚರ್ಮಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಪ್ಲೇಟಿನ ಫಲಿತಾಂಶ ತೊಡೆಸಂದಿಯಲ್ಲಿ ಕಾಣದಿರಲು ಇದೂ ಒಂದು ಕಾರಣ. ಮಕ್ಕಳಿಗೆ, ಬಸುರಿಯರಿಗೆ, ಕೆರೆದು ಗಾಯವಾದ ಕಡೆ ಇದೂ ಬೇಡ.

ಈಗ ನಮ್ಮಲ್ಲಿ ಹರಡಿರುವ ಗಜಕರ್ಣ ಹಳೆಯದರಂತಲ್ಲ. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರು ಪಡೆದ ಶಿಲೀಂಧ್ರದ ಹಲವು ತಳಿಗಳು ಟರ್ಬಿನಫಿನ್ ಎಂಬ ಶಿಲೀಂಧ್ರನಾಶಕ ಔಷಧಿಗೂ ಜಗ್ಗುವುದಿಲ್ಲ. ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ಕೆಂಪನ್ನು ಅಡಗಿಸಿ ಬೇರನ್ನು ಹರಡುತ್ತದೆ. ಚರ್ಮವೈದ್ಯರ ಬಳಿ ಹೋಗಿ, ಹಚ್ಚಿದ್ದನ್ನೆಲ್ಲ ಹೇಳಿ. ಅವರು ಕೊಡುವ ಮುಲಾಮನ್ನು ಕಲೆ ಮಾಯವಾದ ಮೇಲೂ ಕನಿಷ್ಠ 2 ವಾರ ಹಚ್ಚಬೇಕಾಗುತ್ತದೆ.